ಗ್ಯಾರಂಟಿಗೆ ಬಂದ ಅಧಿಕ ಮಾಸ

ನನ್ನ ಹೆಂಡತಿ ಸಿದ್ದಮ್ಮನಿಗೆ ನನ್ನ ಮೋಟಾರನ್ನು ಕಂಡರೆ ಸವತಿಯನ್ನು ಕಂಡ ಹಾಗೆ. ಸವತಿಯಾದರೆ ಒಂದು ಹೊತ್ತಾದರೂ ಮುದ್ದೆ ತೊಳಸುತ್ತಿದ್ದಳು, ಇದಕ್ಕೆ ಕುಡಿಯುವುದೊಂದು ಬಿಟ್ಟು ಬೇರೇನೂ ಬಾರದು ಎಂದು ಅವಳ ದೂರು. ಕುಡಿಯುವುದು ಮೋಟಾರಿನ ಕುಲಧರ್ಮ, ಕುಡಿದಷ್ಟೂ ಓಡುತ್ತದೆ ಎಂದು ನಾನು ಹೇಳಿದರೆ, "ನಿಮ್ ತಮ್ಮನೂ ಅಂಗೇ ಅಂತಾನೆ, ಕುಡ್ದಷ್ಟೂ ಗೇಯ್ತೀನಿ ಅಂತ" ಎನ್ನುತ್ತಾಳೆ. ಇಂಥವಳ ಜೊತೆ ಯಂತ್ರಶಾಸ್ತ್ರ ಮಾತಾಡುವುದು ಹೇಗೆ, ನೀವೇ ಹೇಳಿ.

ನಾನು ದೊಡ್ಡಮುನಿಯಪ್ಪ. ದೊಡ್ಡಮಳೂರಿಗೆ ಒಂದು ಕೂಗಳತೆಯ ಊರು ನಮ್ಮದು. ಹಿಪ್ಪುನೇರಳೆ ಬೆಳೆದು, ರೇಷ್ಮೆಗೂಡು ಮಾರಿ, ಕೈಯಲ್ಲಿ ನಾಲ್ಕು ಕಾಸು ಆಡುತ್ತಿದ್ದ ಕಾಲ. ಸುತ್ತಿನ ಹಳ್ಳಿಗಳ ಗೌಡರಲ್ಲಿ ಮೊದಲು ಮೋಟಾರು ತಂದವನು ನಾನೇ ಎಂಬುದನ್ನು ಮುಂದೆ ಚರಿತ್ರೆ ಬರೆಯುವವರು ದಯವಿಟ್ಟು ಗಮನಿಸಬೇಕು. ವಿಭವ ಸಂವತ್ಸರದ ಯುಗಾದಿಯ ದಿನ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ರೈಲು ಹತ್ತಿದವನು, ಸಂಜೆಯ ಹೊತ್ತಿಗೆ ಬೆಂಗಳೂರು ದಂಡಿನ ಒಂದು ಕಂಪನಿಯಿಂದ ಹೊಸ ಮೋಟಾರಿನಲ್ಲಿ ಕೂತು ಊರಿಗೆ ಬಂದೆ. ಊರಿನ ನಾಯಿಗಳೆಲ್ಲ ಹಿಂದೆ ಓಡಿಬಂದವು. ಅಂಥ ಮೆರವಣಿಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಆದರೆ ಮೋಟಾರಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಕದ್ದದ್ದು ಅದರ ಜೊತೆಗೆ ಬಂದ ಒಂದು ಕಾಗದ. ಕಂಪನಿಯ ಗುಮಾಸ್ತ ಮೊದಲಿಯಾರ್ ಅದನ್ನು ನನ್ನ ಕೈಗಿಟ್ಟು, "ಗೌಡರೇ, ಇದು ಗ್ಯಾರಂಟಿ. ಒಂದು ವರ್ಷದೊಳಗೆ ಮೋಟಾರಿಗೆ ಏನು ಕೆಟ್ಟರೂ ಕಂಪನಿಯೇ ಬಿಟ್ಟಿಯಾಗಿ ಸರಿಮಾಡಿ ಕೊಡುತ್ತದೆ. ವರ್ಷ ಮುಗಿದ ಮೇಲೆ ಖರ್ಚು ನಿಮ್ಮದು" ಎಂದಿದ್ದರು. ಎಂಥ ಮಾತು! ಎತ್ತು ಕೊಟ್ಟವನು ಇಂಥ ಮಾತು ಕೊಡುವುದಿಲ್ಲ, ಹೆಣ್ಣು ಕೊಟ್ಟವನೂ ಕೊಡುವುದಿಲ್ಲ. (ಈ ಎರಡನೆಯದನ್ನು ಮನೆಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿ ವಾರವೆಲ್ಲ ಉಪ್ಪಿಲ್ಲದ ಸಾರು ಉಂಡೆ.)

ಮಾಘ ಮಾಸದವರೆಗೆ ಮೋಟಾರು ಚೆನ್ನಾಗಿಯೇ ಇತ್ತು. ಆಮೇಲೆ ಅದರ ಹೊಟ್ಟೆಯೊಳಗಿಂದ ಕಟಕಟ ಎಂಬ ಸದ್ದು ಶುರುವಾಯಿತು. ನಮ್ಮ ಡ್ರೈವರು ಮುಕ್ತಿಯಾರ್ ಚನ್ನಪಟ್ಟಣದವನು. ಅವನ ಮನೆಯವರೆಲ್ಲ ಗೊಂಬೆ ಕಡೆಯುತ್ತಾರೆ, ಇವನೊಬ್ಬ ಜಟಕಾ ಬಿಟ್ಟು ಮೋಟಾರು ಹಿಡಿದವನು. ಅವನು ಬಾನೆಟ್ಟು ಎತ್ತಿ ಕಿವಿಯಿಟ್ಟು ಕೇಳಿ, "ಗೌಡ್ರೆ, ಈ ಆವಾಜ್ ಅಚ್ಛಾ ಅಲ್ಲ. ಈಗ್ಲೇ ಕಂಪನಿಗೆ ತಗಂಡ್ಹೋಗಾಣ" ಎಂದ.

"ಓಗಿ ಅಂತೀನಿ" ಎಂದಳು ಸಿದ್ದಮ್ಮ. "ಬಿಟ್ಟಿ ಮಾಡ್ಕೊಡ್ತಾರೆ ಅಂದ್ಮೇಲೆ ಯಾಕ್ ಮಡಿಕ್ಕಂಡು ಕೂತಿದ್ದೀರಿ?"

ಆಗಲೇ ನನಗೆ ಆ ದಿವ್ಯ ಯೋಚನೆ ಹೊಳೆದದ್ದು.

"ಲೇ ಸಿದ್ದಿ, ಒಂದ್ ಕಟಕಟಕ್ಕೆ ಬೆಂಗ್ಳೂರ್ಗಂಟ ಓಗೋನು ದಡ್ಡ. ಯುಗಾದಿಗಂಟ ಗ್ಯಾರಂಟಿ ಐತೆ. ಅಲ್ಲೀಗಂಟ ಅದು ಏನೇನ್ ಕೆಡ್ತದೋ ಎಲ್ಲಾ ಕೆಡ್ಲಿ. ಯುಗಾದಿಗೆ ಮುಂಚೆ ಒಂದೇ ಸತಿ ತಗಂಡೋಗಿ, ಎಲ್ಲಾನೂ ಬಿಟ್ಟಿ ಮಾಡಿಸ್ಕಂಡು, ಹೊಸ ಮೋಟಾರು ಮಾಡ್ಕಂಡ್ ಬತ್ತೀನಿ!"

ಅವಳು ನನ್ನ ಮುಖವನ್ನೇ ನೋಡಿದಳು. "ಮದ್ವೆ ಊಟಕ್ಕೆ ಓಗೋವಾಗ ಮೂರ್ ದಿನ ಉಪಾಸ ಇರ್ತೀರಲ್ಲ, ಅಂಗಾಯ್ತು ಇದು" ಎಂದು ಒಳಗೆ ಹೋದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡೆ.

ಅಲ್ಲಿಂದ ಮುಂದೆ ಮೋಟಾರಿಗೆ ಕಾಯಿಲೆ ಬಂದಷ್ಟೂ ನನಗೆ ಸಂತೋಷ. ನೀರಿನ ಡಬ್ಬಿ ಸೋರಿತು, ಸೋರಲಿ ಎಂದೆ. ಮೇಲೆ ಹೊದಿಸಿದ ಬಟ್ಟೆಯ ಹುಡ್ಡು ಹರಿಯಿತು, ಬಿಟ್ಟಿ ಹೊಸದು ಬಂತು ಎಂದುಕೊಂಡೆ. ಕಟಕಟ ಹೋಗಿ ಗಡಗಡವಾಯಿತು, ಗಡಗಡದ ಜೊತೆಗೆ ಗೂರಲು ಕೆಮ್ಮು ಸೇರಿತು. ಮುಕ್ತಿಯಾರ್ ತಲೆಯ ಮೇಲೆ ಕೈಹೊತ್ತುಕೊಂಡು "ಯಾ ಅಲ್ಲಾ" ಎನ್ನುತ್ತಿದ್ದ. ಒಳ್ಳೆ ರಸ್ತೆ ಇರುವ ಕಡೆಯೂ ಹಳ್ಳದ ಮೇಲೆ ಬಿಡು ಎಂದು ನಾನೇ ಹೇಳುತ್ತಿದ್ದೆ. ಬಿಟ್ಟಿ ಬರುವುದನ್ನು ಬೇಡವೆನ್ನುವಷ್ಟು ಐಶ್ವರ್ಯ ನನಗಿನ್ನೂ ಬಂದಿರಲಿಲ್ಲ.

ಯುಗಾದಿಗೆ ಇನ್ನು ನಾಲ್ಕು ದಿನ ಎನ್ನುವಾಗ ಸವಾರಿ ಹೊರಟಿತು. ಮುಂದೆ ಮುಕ್ತಿಯಾರ್, ಪಕ್ಕದಲ್ಲಿ ನಾನು. ಹಿಂದೆ ಸಿದ್ದಮ್ಮ, ನೀವೊಬ್ಬರೇ ಹೋದರೆ ಇನ್ನೊಂದು ಮೋಟಾರು ತಂದೀರಿ ಎಂದು ಕಾವಲಿಗೆ ಬಂದವಳು. ಅವಳ ಕಾಲ ಬಳಿ ದಾಸಪ್ಪ. ದಾಸಪ್ಪ ನಮ್ಮ ಮನೆಯ ವರ್ಷದಾಳು. ಕೊಟ್ಟಿಗೆ, ಎತ್ತು, ಗದ್ದೆ ಎಲ್ಲ ಅವನದೇ ಕಾರುಬಾರು. ಏರು ಬಂದಾಗ ಮೋಟಾರು ತಳ್ಳುವುದಕ್ಕೆ ಅವನನ್ನು ಕರೆದುಕೊಂಡಿದ್ದೆ.

ಕೆಂಗಲ್ ಆಂಜನೇಯನಿಗೆ ಕಾಯಿ ಒಡೆದು ಮುಂದೆ ಹೋದೆವು. ಕ್ಲೋಸ್‌ಪೇಟೆಯ ಹೊಳೆಯಲ್ಲಿ ಮೋಟಾರಿಗೆ ನೀರು ಕುಡಿಸಿದೆವು, ಬಿಡದಿಯಲ್ಲಿ ಮತ್ತೆ ಕುಡಿಸಿದೆವು. ಅರ್ಧ ದಾರಿ ನಾವು ಮೋಟಾರಿನ ಮೇಲೆ, ಇನ್ನರ್ಧ ಮೋಟಾರು ದಾಸಪ್ಪನ ಮೇಲೆ. ಹೇಗೋ ದಂಡು ಸೇರಿ, ಸರಿಯಾಗಿ ಕಂಪನಿಯ ಬಾಗಿಲಿಗೆ ಬಂದಾಗ ಅದು ಒಂದು ಸಲ ದೊಡ್ಡದಾಗಿ ಗುಟುರು ಹಾಕಿ, ಹೊಗೆ ಬಿಟ್ಟು, ನಿಂತುಹೋಯಿತು. ಎಂಥ ಸಮಯಪ್ರಜ್ಞೆ ಎಂದು ನನಗೆ ಹೆಮ್ಮೆಯಾಯಿತು.

ಮೊದಲಿಯಾರ್ ಹೊರಗೆ ಬಂದು ಕಾಗದ ಇಸಿದುಕೊಂಡು, ಕನ್ನಡಕ ಏರಿಸಿ ಓದಿದರು. ಮತ್ತೆ ಓದಿದರು.

"ಗೌಡರೇ, ಈ ಗ್ಯಾರಂಟಿ ಸತ್ತು ಎರಡು ವಾರವಾಯಿತಲ್ಲ. ತಿಥಿ ವೈಕುಂಠ ಸಮಾರಾಧನೆ ಎಲ್ಲ ಮುಗಿದಿರಬೇಕು."

"ಏನ್ ಮಾತೂಂತ ಆಡ್ತೀರಿ ಸ್ವಾಮಿ? ಯುಗಾದಿಗೆ ಇನ್ನೂ ನಾಕ್ ದಿನ ಐತೆ. ಯುಗಾದಿ ದಿವ್ಸ ತಗಂಡೋಗಿದ್ದು. ಯುಗಾದಿ ಬಂದ್ರೆ ವರ್ಸ!"

"ನೀವು ತೆಗೆದುಕೊಂಡದ್ದು ಮಾರ್ಚಿ. ಮಾರ್ಚಿಯಿಂದ ಮಾರ್ಚಿಗೆ ವರ್ಷ ಮುಗಿಯಿತು. ಇದು ಏಪ್ರಿಲ್."

"ಏಪ್ರಿಲ್ ನಿಮ್ದು. ನಮ್ಗಿನ್ನೂ ಫಾಲ್ಗುಣ."

ಮೊದಲಿಯಾರ್ ಮರುಕದಿಂದ ನನ್ನನ್ನು ನೋಡಿದರು. "ಹೋದ ಮಳೆಗಾಲದಲ್ಲಿ ಅಧಿಕ ಶ್ರಾವಣ ಬಂದಿರಲಿಲ್ಲವೇ ಗೌಡರೇ? ಎರಡೆರಡು ಶ್ರಾವಣ. ಹಾಗಾಗಿ ನಿಮ್ಮ ವರ್ಷಕ್ಕೆ ಹದಿಮೂರು ತಿಂಗಳಾಗಿ ಯುಗಾದಿ ಹಿಂದೆ ಬಿತ್ತು. ಕಂಪನಿಗೆ ಅಧಿಕ ಮಾಸವಿಲ್ಲ."

ನೆಲ ಬಿರಿದು ಬಾಯಿಬಿಡಬಾರದೇ ಎನಿಸಿತು. ಅಧಿಕ ಶ್ರಾವಣ! ಬಂದದ್ದು ನಿಜ. ಮದುವೆ ಮುಂಜಿಗೆಲ್ಲ ತಡೆ ಹಾಕುವ ಆ ಹಾಳು ತಿಂಗಳು ನನ್ನ ಗ್ಯಾರಂಟಿಗೂ ಕೈಹಾಕುತ್ತದೆಂದು ಯಾವ ಪಂಚಾಂಗದವನು ಹೇಳಿದ್ದ?

"ಆ ತಿಂಗ್ಳು ನಾನ್ ಮೋಟಾರು ಮುಟ್ಟೇ ಇಲ್ಲ ಸ್ವಾಮಿ" ಎಂದು ಕೊನೆಯ ಅಸ್ತ್ರ ಬಿಟ್ಟೆ. "ಅಧಿಕ ಮಾಸದಾಗೆ ಒಳ್ಳೇ ಕೆಲ್ಸಕ್ಕೆ ಓಗಬಾರ್ದು ಅಂತ ಕೊಟ್ಟಿಗೇಲಿ ನಿಲ್ಸಿದ್ದೆ. ಆ ತಿಂಗ್ಳು ಲೆಕ್ಕಕ್ಕೆ ಇಡ್ಕಬ್ಯಾಡಿ."

"ಗ್ಯಾರಂಟಿ ನಿಂತಿರಲಿಲ್ಲವಲ್ಲ ಗೌಡರೇ, ಅದು ಓಡುತ್ತಲೇ ಇತ್ತು" ಎಂದರು ಮೊದಲಿಯಾರ್. ಆಮೇಲೆ ಮಿಸ್ತ್ರಿಯನ್ನು ಕರೆದು ಬಾನೆಟ್ಟು ಎತ್ತಿಸಿದರು. ಮಿಸ್ತ್ರಿ ಒಳಗೆ ಇಣುಕಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಏನೋ ಹೇಳಿದ. ಬೇರಿಂಗು ಕರಗಿದೆಯಂತೆ, ಗೇರಿನ ಹಲ್ಲುಗಳು ಉದುರಿವೆಯಂತೆ, ಎಂಜಿನ್ನಿನ ಹೊಟ್ಟೆಯನ್ನೇ ಬಿಚ್ಚಬೇಕಂತೆ. ಖರ್ಚು ಎಷ್ಟೆಂದು ಕೇಳಿದೆ. ಒಂದು ಜೊತೆ ಒಳ್ಳೆಯ ಹಳ್ಳಿಕಾರ್ ಎತ್ತು ಬರುವಷ್ಟು ಹೇಳಿದರು.

ಸುಮ್ಮನೆ ಸಿದ್ದಮ್ಮನ ಕಡೆ ಒಂದು ಸಲ ತಿರುಗಿದೆ, ಅಷ್ಟೆ. ಇಪ್ಪತ್ತು ವರ್ಷ ನನ್ನ ಜೊತೆ ಬಾಳಿದವಳಿಗೆ ಅಷ್ಟು ಸಾಕಾಯಿತು.

"ನನ್ನೆತ್ತಿನ ಮೇಲೆ ಕಣ್ಣಾಕಿದ್ರೆ ಅಂಗೇ ಕಣ್ ಕಿತ್ಬುಡ್ತೀನಿ!" ಎಂದಳು, ದಂಡಿನ ಬೀದಿಯೆಲ್ಲ ತಿರುಗಿ ನೋಡುವಂತೆ. "ಕರುಗಳಿದ್ದಾಗ ನಮ್ಮಪ್ಪ ಕೊಟ್ಟವು. ಹುರುಳಿ ಬೇಯ್ಸಿ ಕೈತುತ್ತು ಕೊಟ್ಟು ಸಾಕಿವ್ನಿ. ಅವನ್ನ ಮಾರಿ ಈ ಹೊಗೆ ಗೂಡಿಗೆ ಹಲ್ಲು ಕಟ್ಟಿಸ್ತೀರಾ? ಮಾರಿ, ನೋಡಾಣ. ಎತ್ತಿನ ಹಗ್ಗ ಹಿಡ್ಕಂಡು ನಾನೂ ಅವುಗಳ್ ಹಿಂದೇನೇ ಒಂಟೋಯ್ತೀನಿ. ಆಮ್ಯಾಕೆ ನೀವು, ನಿಮ್ ಮೋಟಾರು, ಇಬ್ರೂ ಸೇರ್ಕಂಡು ಗಂಜಿ ಕಾಯಿಸ್ಕಳಿ."

ಅವಳು ತಮಾಷೆಗೆ ಹೇಳುತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಮೋಟಾರು ಬಿಟ್ಟು ಬರುವುದಕ್ಕೆ ಮಾನ ಬಿಡದು, ಎತ್ತು ಮಾರುವುದಕ್ಕೆ ಇವಳು ಬಿಡಳು. ಇಂಥ ಇಕ್ಕಟ್ಟಿನಲ್ಲಿ ಮನುಷ್ಯನ ಬುದ್ಧಿ ಚುರುಕಾಗುತ್ತದೆ. ನನ್ನದು ಅಗತ್ಯಕ್ಕಿಂತ ಚುರುಕಾಯಿತು.

"ಸ್ವಾಮಿ ಮೊದಲಿಯಾರ್ರೆ, ನಿಮ್ ಕಾಗದದಾಗೆ ಒಂದ್ ವರ್ಸ ಅಂತ ಐತೋ, ಹನ್ನೆರಡು ತಿಂಗ್ಳು ಅಂತ ಐತೋ?"

"ವರ್ಷ ಅಂತಿದೆ."

"ಸರಿ. ನಮ್ ಸೀಮೇಲಿ ವರ್ಸ ಅಂದ್ರೆ ಯುಗಾದಿಯಿಂದ ಯುಗಾದಿಗೆ. ಅಧಿಕ ಮಾಸ ಬರ್ಲಿ ಬುಡ್ಲಿ, ವರ್ಸ ಒಂದೇ. ಬೇಕಾದ್ರೆ ಈ ದಾಸಪ್ಪನ್ನ ಕೇಳಿ. ಇವ್ನು ನಮ್ ವರ್ಸದಾಳು. ಯುಗಾದಿಗೆ ಗೊತ್ತು ಮಾಡ್ಕಂಡ್ರೆ ಮುಂದಿನ್ ಯುಗಾದಿಗಂಟ ಗೇಯಬೇಕು. ಓದ ವರ್ಸ ಹದಿಮೂರು ತಿಂಗ್ಳು ಗೇಯ್ದವ್ನೆ. ಏನ್ಲಾ ದಾಸಪ್ಪ, ಗೇಯ್ದೆಯೋ ಇಲ್ವೋ?"

"ಗೇಯ್ದೆ ಕಣ್ ಗೌಡ್ರೆ" ಎಂದ ದಾಸಪ್ಪ, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು.

"ಹೆಚ್ಚಿನ ತಿಂಗಳಿಗೆ ಬೇರೆ ಸಂಬಳ ಕೊಟ್ಟಿರಾ?" ಎಂದರು ಮೊದಲಿಯಾರ್.

"ಒಂದ್ ಬಿಡಿಗಾಸೂ ಇಲ್ಲ!" ಎಂದು ಎದೆ ತಟ್ಟಿಕೊಂಡು ಹೇಳಿದೆ. "ವರ್ಸ ಅಂದ್ರೆ ವರ್ಸ!"

ಮೊದಲಿಯಾರ್ ಗಲ್ಲ ಕೆರೆದುಕೊಂಡು ಒಳಗೆ ಕಂಪನಿಯ ಬಿಳಿ ದೊರೆಯ ಹತ್ತಿರ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದೊರೆ ಗಹಗಹಿಸಿ ನಗುವುದು ಕೇಳಿಸಿತು. ಹೊರಗೆ ಬಂದಾಗ ಮೊದಲಿಯಾರ್ ಮುಖದಲ್ಲೂ ನಗು ಇತ್ತು.

"ಗೌಡರೇ, ನಿಮ್ಮ ಅದೃಷ್ಟ. ದೊರೆಗೆ ನಿಮ್ಮ ವಾದ ಬಹಳ ಹಿಡಿಸಿದೆ. ಬಿಟ್ಟಿಯಾಗಿ ಮಾಡಿಕೊಡಲು ಒಪ್ಪಿದ್ದಾರೆ. ಆದರೆ ಮದರಾಸಿನ ದೊಡ್ಡ ಆಫೀಸಿಗೆ ಕಾರಣ ತೋರಿಸಬೇಕಲ್ಲ? ಅಧಿಕ ಮಾಸಕ್ಕೆ ಬೇರೆ ಕೂಲಿಯಿಲ್ಲದೆ ಕೆಲಸ ಮಾಡುವುದು ನಮ್ಮ ಸೀಮೆಯ ಪದ್ಧತಿ, ನಾನು ಹಾಗೆಯೇ ಮಾಡಿದೆ, ಕೂಲಿ ಪಡೆದಿಲ್ಲ ಎಂದು ಈ ದಾಸಪ್ಪ ಹೆಬ್ಬೆಟ್ಟು ಒತ್ತಿ ಕೊಡಬೇಕು."

ಗೆದ್ದೆ! ಸಿದ್ದಮ್ಮನ ಕಡೆ ತಿರುಗಿ ಮೀಸೆ ತೀಡಿದೆ. ಗುಮಾಸ್ತರು ಬರೆದು ತಂದರು, ಓದಿ ಹೇಳಿದರು, ಮಸಿ ಮುಂದಿಟ್ಟರು. "ಒತ್ತಲಾ ದಾಸಪ್ಪ" ಎಂದೆ.

ದಾಸಪ್ಪ ತನ್ನ ಹೆಬ್ಬೆರಳನ್ನು ಮೊದಲನೆಯ ಸಲ ಕಾಣುವವನ ಹಾಗೆ ನೋಡಿಕೊಂಡ.

"ಗೌಡ್ರೆ, ಒಂದ್ ಮಾತು. ಅಂಗಾರೆ ನಾನ್ ಒಂದ್ ತಿಂಗ್ಳು ಬಿಟ್ಟಿ ಗೇಯ್ದೆ ಅನ್ನಿ."

"ಬಿಟ್ಟಿ ಅಲ್ಲ ಕಣ್ಲಾ, ಪದ್ಧತಿ."

"ನಂಗೆ ಗೊತ್ತೇ ಇರ್ನಿಲ್ಲ ನೋಡಿ. ಈ ಸ್ವಾಮಿಯೋರು ಓದ್ದಾಗ್ಲೇ ತಿಳೀತು. ಆ ಶ್ರಾವಣದಾಗೆ ಮಗಳ ಊರ್ಗೆ ಓಗಿ ಬತ್ತೀನಿ ಅಂದ್ರೆ ನೀವು ಬುಡ್ನಿಲ್ಲ, ಕೆಸರುಗದ್ದೆ ಐತೆ ಅಂದ್ರಿ." ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದ. "ಆ ತಿಂಗ್ಳ ಕೂಲಿ ಕೊಟ್ಬುಡಿ, ಒತ್ತೀನಿ."

"ಆಯ್ತು, ಕೊಡ್ತೀನಿ ಒತ್ತು!" ಎಂದೆ. ಎತ್ತಿನ ಜೋಡಿಯ ಮುಂದೆ ಅದು ಯಾವ ಲೆಕ್ಕ.

"ಕೊಟ್ಟರೆ ಆಗದು ಗೌಡರೇ" ಎಂದರು ಮೊದಲಿಯಾರ್, ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡು. "ಕೂಲಿ ಕೊಟ್ಟರೆ ಅಧಿಕ ಮಾಸವನ್ನು ನೀವೇ ಬೇರೆ ಎಣಿಸಿದ ಹಾಗಾಯಿತು. ಆಗ ವರ್ಷಕ್ಕೆ ಹನ್ನೆರಡೇ ತಿಂಗಳು, ನಿಮ್ಮ ಗ್ಯಾರಂಟಿ ಸತ್ತದ್ದು ಸತ್ತಂತೆಯೇ."

ಮುಕ್ತಿಯಾರ್ ಮಡ್‌ಗಾರ್ಡಿನ ಮೇಲೆ ಕೂತು ಬೀಡಿ ಹಚ್ಚಿದ. "ಕ್ಯಾ ಬಾತ್ ಹೈ! ಕೂಲಿ ಕೊಟ್ರೆ ಕಾಗದ ಸುಳ್ಳು. ಕೊಡ್ದಿದ್ರೆ ಹೆಬ್ಬೆಟ್ಟು ಇಲ್ಲ. ಗೌಡ್ರೆ, ಬಾವೀಲಿ ಬಿದ್ದವ್ರೆ ನೀವು, ಹಗ್ಗ ಬೇರೆ ನೀವೇ ಕುಯ್ದವ್ರೆ."

ಗದರಿದೆ. ದಾಸಪ್ಪ ಮಿಸುಕಲಿಲ್ಲ. ಹೊಸ ಕಂಬಳಿ ಕೊಡಿಸುತ್ತೇನೆ ಎಂದೆ. ಕಂಬಳಿಯೂ ಕೂಲಿಯ ಲೆಕ್ಕವೇ ಎಂದು ಮೊದಲಿಯಾರ್ ತಲೆಯಾಡಿಸಿದರು. (ಈ ಮನುಷ್ಯನಿಗೆ ನನ್ನ ಮೇಲೆ ಯಾವ ಜನ್ಮದ ದ್ವೇಷವೋ.) ಕೊನೆಗೆ ದಾಸಪ್ಪನನ್ನು ಮೂಲೆಗೆ ಕರೆದುಕೊಂಡು ಹೋಗಿ, ನಾವು ನೀವು ಒಂದೇ ಮನೆಯವರ ಹಾಗೆ ಅಲ್ಲವೇ ಎಂದು ಗದ್ಗದ ಕಂಠದಿಂದ ಕೇಳಿದೆ. "ಅಲ್ವಾ ಮತ್ತೆ ಗೌಡ್ರೆ" ಎಂದ. ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಇಷ್ಟು ಹೊತ್ತೂ ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕೂತಿದ್ದ ಸಿದ್ದಮ್ಮ ಎದ್ದು ಬಂದಳು.

"ಸ್ವಾಮಿ, ಕಾಸು ಕೊಟ್ರೆ ಸುಳ್ಳಾಯ್ತದೆ ಅಂದ್ರಲ್ಲ. ಕೆಲ್ಸ ಕೊಟ್ರೆ?"

"ಅಂದರೆ?" ಎಂದರು ಮೊದಲಿಯಾರ್.

"ಇವ್ನು ನಮ್ ಯಜಮಾನ್ರ ಅಟ್ಟೀಲಿ ಒಂದ್ ತಿಂಗ್ಳು ಬಿಟ್ಟಿ ಗೇಯ್ದ. ಅವ್ರು ಇವ್ನ ಕೆಲ್ಸಾನ ಒಂದ್ ತಿಂಗ್ಳು ಬಿಟ್ಟಿ ಗೇಯ್ಲಿ. ಇವ್ನು ಅವ್ರಂಗೆ ಜಗುಲಿ ಮ್ಯಾಲೆ ಕೂತ್ಕಳ್ಳಿ. ಕಾಸು ಕೈ ಬದ್ಲಾಯ್ಸಾಕಿಲ್ಲ. ಪದ್ಧತಿಗೂ ಏನೂ ಆಗಾಕಿಲ್ಲ."

ಮೊದಲಿಯಾರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಅಮ್ಮಾ, ಇದಕ್ಕೆ ಮದರಾಸಿನವರೂ ಏನೂ ಹೇಳುವ ಹಾಗಿಲ್ಲ."

"ಲೇ ಸಿದ್ದಿ! ನಾನು ಊರ್ ಗೌಡ! ಸಗಣಿ ಬಾಚ್ಲಾ?"

"ಬಾಚ್ಬ್ಯಾಡಿ. ಎತ್ತು ಮಾರಿ. ನಾನ್ ಓಯ್ತೀನಿ."

ದಾಸಪ್ಪ ಮುಷ್ಟಿ ಬಿಚ್ಚಿ ಹೆಬ್ಬೆರಳನ್ನು ಮಸಿಯ ಹತ್ತಿರ ಹಿಡಿದು ನನ್ನ ಮುಖ ನೋಡುತ್ತಾ ನಿಂತ. ಆ ಹೆಬ್ಬೆರಳು, ಈ ಹೆಂಡತಿ, ಬಾಗಿಲಲ್ಲಿ ಹೆಣದ ಹಾಗೆ ಬಿದ್ದ ಮೋಟಾರು. ನಾನು ಒಂದು ಸಲ ಕೆಂಗಲ್ ಆಂಜನೇಯನನ್ನು ನೆನೆದೆ. ಕಾಯಿ ಒಡೆಸಿಕೊಂಡವನು ಅವನೂ ಸುಮ್ಮನಿದ್ದ. "ಒತ್ತು" ಎಂದೆ.

ಮುಕ್ತಿಯಾರನನ್ನು ಮೋಟಾರಿನ ಜೊತೆಗೆ ಅಲ್ಲೇ ಬಿಟ್ಟು ನಾವು ರೈಲಿನಲ್ಲಿ ವಾಪಸ್ಸಾದೆವು. ದಾರಿಯಲ್ಲಿ ದಾಸಪ್ಪ ಕಿಟಕಿಯ ಪಕ್ಕ ಕೂತ. ಅದು ನನ್ನ ಜಾಗ ಎಂದು ನಾನು ಹೇಳಬಹುದಾಗಿತ್ತು, ಹೇಳಲಿಲ್ಲ.

ಯುಗಾದಿ ಬಂತು. ಎತ್ತುಗಳ ಮೈ ತೊಳೆದು, ಕೊಂಬಿಗೆ ಹೂ ಕಟ್ಟಿ, ವರ್ಷದ ಮೊದಲ ಉಳುಮೆಯ ಹೊನ್ನಾರು ಹೂಡಿದವನು ನಾನು. ವರ್ಷಗಟ್ಟಲೆ ನೇಗಿಲು ಮುಟ್ಟದ ಕೈ. ಸಾಲು ಹಾವಿನ ಹಾಗೆ ಹರಿಯಿತು. ಬದುವಿನ ಮೇಲೆ ಕೂತಿದ್ದ ದಾಸಪ್ಪ ನಾನು ಗದರುವ ದನಿಯಲ್ಲೇ "ಏಯ್, ನೇರ್ಕೆ ಹೊಡೀರಿ" ಎಂದು ಕೂಗಿದ. ಊರಿನ ವರ್ಷದಾಳುಗಳೆಲ್ಲ ಈ ಸಂಭ್ರಮ ನೋಡಲು ಬಂದು ನಿಂತಿದ್ದರು. ಅವರ ಹಿಂದೆ ಅವರ ಗೌಡರೂ ನಿಂತಿದ್ದರು, ನನ್ನನ್ನು ಹಸಿಯಾಗಿ ತಿನ್ನುವ ಹಾಗೆ ನೋಡುತ್ತಾ. ಅಧಿಕ ಮಾಸದ ಕೂಲಿಯ ವಿಷಯ ಆಗಲೇ ಊರೆಲ್ಲ ಹರಡಿ, ಆಳುಗಳೆಲ್ಲ ತಮ್ಮ ಲೆಕ್ಕ ಕೇಳತೊಡಗಿದ್ದರು. ಅಂದು ಸಂಜೆ ನನ್ನ ಮನೆಗೆ ಬೇವುಬೆಲ್ಲಕ್ಕೆ ಒಬ್ಬ ಗೌಡನೂ ಬರಲಿಲ್ಲ.

ಮಾರನೆಯ ದಿನ ವರ್ಷತೊಡಕು. ಮನೆಮನೆಯಲ್ಲೂ ಮಾಂಸದ ಸಾರು ಕುದಿಯುತ್ತಿತ್ತು. ನಾನು ಮಂಡಿಯವರೆಗೆ ಪಂಚೆ ಎತ್ತಿ ಕಟ್ಟಿ, ಸಗಣಿಯ ಮಂಕರಿ ಹಿಡಿದು ಕೊಟ್ಟಿಗೆಯಲ್ಲಿದ್ದೆ. ಆಗ ಬೀದಿಯ ಕಡೆಯಿಂದ ಹಾರನ್ನು ಕೇಳಿಸಿತು. ಹೊರಗೆ ಓಡಿ ಬಂದು ನೋಡುತ್ತೇನೆ, ನನ್ನ ಮೋಟಾರು! ಹೊಸ ಹುಡ್ಡು, ತೊಳೆದು ಒರೆಸಿದ ಮೈ, ಕಟಕಟವಿಲ್ಲ, ಕೆಮ್ಮಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ ಸದ್ದಿಲ್ಲದೆ ನಿಂತಿತ್ತು. ನನಗೆ ಕಣ್ಣು ತುಂಬಿ ಬಂತು. ಮುಟ್ಟಲು ಹೋದೆ.

"ಗೌಡ್ರೆ, ಕೈ!" ಎಂದು ಮುಕ್ತಿಯಾರ್ ಕಿರುಚಿದ. ನೋಡಿಕೊಂಡೆ. ನಿಜ, ಮುಟ್ಟುವ ಹಾಗಿರಲಿಲ್ಲ.

ಅಷ್ಟರಲ್ಲಿ ಸಿದ್ದಮ್ಮ ರೇಷ್ಮೆ ಸೀರೆಯುಟ್ಟು, ಮಾಂಸದ ಸಾರಿನ ಪಾತ್ರೆ ಹಿಡಿದು ಬಂದು ಮೋಟಾರು ಹತ್ತಿದಳು. ಹಿಂದೆಯೇ ಬಿಳಿ ಪಂಚೆ, ಬಿಳಿ ರುಮಾಲು ಸುತ್ತಿದ ದಾಸಪ್ಪ ಬಂದು ಮುಂದಿನ ಸೀಟಿನಲ್ಲಿ, ಅಂದರೆ ನನ್ನ ಸೀಟಿನಲ್ಲಿ, ಕಾಲು ಚಾಚಿ ಕೂತ.

"ಎಲ್ಲಿಗೆ ಸವಾರಿ?" ಎಂದೆ.

"ಉಯ್ಯಂಬಳ್ಳಿಗೆ. ದಾಸಪ್ಪನ ಮಗಳ ನೋಡ್ಕಂಡು, ದಾರೀಲಿ ನಮ್ಮಪ್ಪನ್ನೂ ಮಾತಾಡಿಸ್ಕಂಡ್ ಬತ್ತೀವಿ. ಎಲ್ಲಾ ಬಿಟ್ಟಿ ಆಗೈತಲ್ಲ, ಒಸಿ ಓಡ್ಸಿ ನೋಡ್ಬ್ಯಾಡ್ವಾ?" ಎಂದಳು ಸಿದ್ದಮ್ಮ. ಮೋಟಾರಿನ ಮೈಯನ್ನು ಮೊದಲನೆಯ ಸಲ ಪ್ರೀತಿಯಿಂದ ಸವರಿದಳು. ಆಮೇಲೆ ನನ್ನ ಕಡೆ ಬಾಗಿ, "ವರ್ಸತೊಡಕಿನ ದಿವ್ಸ ಏನ್ ಮಾಡ್ತೀವೋ ವರ್ಸವೆಲ್ಲಾ ಅದೇಯಂತೆ. ಮೊಕ ಗಂಟಾಕ್ಬ್ಯಾಡಿ, ನಗ್ತಾ ಬಾಚಿ" ಎಂದಳು.

ಮೋಟಾರು ಹೊರಟಿತು. ತಿರುವಿನಲ್ಲಿ ದಾಸಪ್ಪ ತಲೆ ಹೊರಗೆ ಹಾಕಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ.

"ಗೌಡ್ರೆ, ಗೋದ್ಲಿ ಮೂಲೇಲಿ ಒಸಿ ಸಗಣಿ ಉಳ್ಕಂಡೈತೆ, ನೋಡಿ!"

ವರ್ಷದಾಳಿಗೆ ನನ್ನ ಕೆಲಸದ ಮೇಲೆ ಇಷ್ಟು ಅಪನಂಬಿಕೆಯೇ ಎಂದು ಸಿಟ್ಟು ಬಂತು. ಕೊಟ್ಟಿಗೆಗೆ ಹೋಗಿ ನೋಡಿದೆ. ಉಳಿದಿತ್ತು.